ತೂಕ ಬರುವ ತನಕ

ಗದಗಿನಲ್ಲಿ ದಿನಾ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ, ಕರೆಂಟು ತೆಗೆದಂತೆ, ಊರಿನ ತೂಕವನ್ನೇ ತೆಗೆಯುತ್ತಿದ್ದರು. ಮೆಕ್ಯಾನಿಕ್ ಮೌಲಾಸಾಬ ಗ್ಯಾರೇಜಿನ ಗುಂಡಿಯೊಳಗೆ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಕಾಯುತ್ತಿದ್ದ. ಮೇಲೆ ಕಾರು ತೇಲುತ್ತಿತ್ತು.

“ಹಿಂದಿನ ಸಸ್ಪೆನ್ಷನ್ ಬೋಲ್ಟ್ ಬಿಗಿ ಮಾಡ್ರಿ, ಸಂಜಿ ನಿಶ್ಚಯಕ್ಕ ಹೋಗಬೇಕು,” ಎಂದಳು ಕಾರಿನ ಒಡತಿ ನೀಲವ್ವ.

“ಭಾರ ಚಕ್ರದ ಮ್ಯಾಲೆ ಕುಂತಾಗನ ಬಿಗಿ ಮಾಡಬೇಕ್ರಿ ಅಕ್ಕಾರ. ಇಲ್ಲಂದ್ರ ರಬ್ಬರ್ ತಿರುಚತೈತಿ.”

“ಭಾರ ಬೇಕಷ್ಟ ಅಲ್ಲೇನು?” ನೀಲವ್ವ ತನ್ನ ಮೂವರು ದಢೂತಿ ಮೈದುನರನ್ನು ಎಳೆತಂದು ಹಿಂದಿನ ಸೀಟಿಗೆ ತುಂಬಿದಳು. ಮೂವರೂ ಮೆಲ್ಲಗೆ ಮೇಲೇರಿ, ಕಾರಿನ ಛಾವಣಿಗೆ ತಲೆಯಿಟ್ಟು ನಿದ್ದೆಹೋದರು.

ನಾಲ್ಕಕ್ಕೆ ತೂಕ ಬಂದು ಎಲ್ಲವೂ ದೊಪ್ಪೆಂದು ಕೂತಿತು. ನೀಲವ್ವನ ಅವಸರಕ್ಕೆ ಮೌಲಾಸಾಬ ಬೋಲ್ಟ್ ಬಿಗಿದವನೇ ನಾಲಿಗೆ ಕಚ್ಚಿಕೊಂಡ.

“ಇವರ ಭಾರಕ್ಕ ಬಿಗಿ ಆದ್ವು ಅಕ್ಕಾರ. ಇನ್ನ ಇವರು ಇಳದ್ರ ಗಾಡಿ ಕುಣೀತೈತಿ.”

ಈ ಹೊಟ್ಟೆಬಾಕರನ್ನು ಮನೆಯಲ್ಲೇ ಬಿಡಬೇಕೆಂದಿದ್ದ ನೀಲವ್ವ ಹಿಂದಿನ ಬಾಗಿಲನ್ನು ದಡಾರನೆ ಮುಚ್ಚಿದಳು.

ಮೈದುನರು ಕಣ್ಣುಜ್ಜಿಕೊಂಡರು. “ಹೋಳಿಗಿ ಎಷ್ಟು ಮಾಡಿಸ್ಯಾರ, ವೈನಿ?”