ಅಜ್ಜಿಯ ಕೈ

ಹೆರಿಗೆ ಮಾಡಿಸಿದ ಡಾಕ್ಟರ ಮುಂದೆ ಬಾಯಿ ತೆರೆದರೆ ತನ್ನ ದನಿ ನಡುಗುತ್ತದೆ ಎಂಬುದೇ ಆ ಬಾಣಂತಿಯ ಚಿಂತೆಯಾಗಿತ್ತು. ಅದಕ್ಕೇ ಮಡಿಲಲ್ಲಿದ್ದ ಮಗುವನ್ನು ನೋಡುತ್ತ ಕೂತಿದ್ದಳು. ಹುಟ್ಟಿ ವಾರ ತುಂಬದ ಮಗು ಎಡಗೈ ಎತ್ತುತ್ತಿರಲಿಲ್ಲ. ತೋಳಿನ ಮೂಳೆ ಮುರಿದಿದೆ ಎಂದು ಎಕ್ಸ್‌ರೇ ಹೇಳಿತ್ತು.

"ಹೆರಿಗೇಲಿ ಎಳೆದು ಮುರಿದಿದ್ದಾರೆ, ಕೇಸು ಹಾಕ್ತೀನಿ" ಎಂದು ದಾರಿಯುದ್ದಕ್ಕೂ ಗುಡುಗಿದ್ದ ಗಂಡ, ಏಸಿ ರೂಮಿಗೆ ಬಂದದ್ದೇ ಕುರ್ಚಿಯ ಅಂಚಿನಲ್ಲಿ ಕೈಕಟ್ಟಿ ಕೂತು, ಕೇಸಿನ ಮಾತನ್ನು ಮೆಲ್ಲಗೆ ಎತ್ತಿದ.

"ಧಾರಾಳವಾಗಿ ಹಾಕಿ," ಡಾಕ್ಟರು ನಕ್ಕರು. "ಗ್ರಾಹಕರ ಕೋರ್ಟಲ್ಲಿ ಮೊದಲು ಕೇಳೋದೇ ಮಗೂಗೆ ಎಣ್ಣೆ-ನೀರು ಹಾಕಿದ್ದು ಯಾರು ಅಂತ. ಈ ಅಜ್ಜಿಯರು ಮಗೂನ ಕಾಲ ಮೇಲೆ ಹಾಕ್ಕೊಂಡು ಚಪಾತಿ ಹಿಟ್ಟಿನ ಹಾಗೆ ನಾದ್ತಾರೆ. ಮುರೀದೆ ಇನ್ನೇನಾಗುತ್ತೆ?"

ಬಾಗಿಲ ಬಳಿ ನಿಂತಿದ್ದ ಅವಳ ಅಮ್ಮ ಎರಡೂ ಕೈಗಳನ್ನು ಸೆರಗಿನೊಳಗೆ ಅಡಗಿಸಿಕೊಂಡಳು.

"ನಂಗೂ ಅದೇ ಅನುಮಾನ ಇತ್ತು ಸಾರ್," ಎಂದ ಗಂಡ. ಹೆರಿಗೆಯಾದಂದಿನಿಂದ ಅವನು ಹೆಂಡತಿಯ ತವರಿನತ್ತ ತಲೆ ಹಾಕಿರಲಿಲ್ಲ. "ನಮ್ಮತ್ತೆ ಕೈ ಸ್ವಲ್ಪ ಒರಟು."

"ಮತ್ತೆ? ಪಾಪ, ಅವರನ್ನೇ ಕಟಕಟೆ ಹತ್ತಿಸಬೇಕಾಗುತ್ತೆ. ಬೇಕಾ ನಿಮಗಿದೆಲ್ಲ?"

ಹಳೆಯ ಗೆಳೆಯರಂತೆ ಇಬ್ಬರೂ ನಕ್ಕರು.

ಬಾಣಂತಿ ಮಗುವಿನ ಬಟ್ಟೆ ಸರಿಸಿ, ಹೊಟ್ಟೆಗೆ ಇನ್ನೂ ಅಂಟಿಕೊಂಡೇ ಇದ್ದ ಒಣಗಿದ ಹೊಕ್ಕುಳಬಳ್ಳಿಯನ್ನು ತೋರಿಸಿದಳು. ದನಿ ನಡುಗಿತು. ನಡುಗಲಿ ಎಂದುಕೊಂಡಳು.

"ಇದು ಬೀಳೋವರೆಗೂ ಎಣ್ಣೆ-ನೀರು ಬೇಡ, ಬಟ್ಟೇಲಿ ಒರೆಸಿದ್ರೆ ಸಾಕು ಅಂದಿದ್ದು ನೀವೇ ಸಾರ್. ನಮ್ಮಮ್ಮ ಮಗೂನ ಇನ್ನೂ ಕಾಲ ಮೇಲೆ ಹಾಕ್ಕೊಂಡೇ ಇಲ್ಲ."