ಮೂರನೆಯವಳು

ಮ್ಯಾರಥಾನಿನಲ್ಲಿ ಮೂರನೆಯವಳಾಗಿ ಓಡಿ ಬಂದ ಅಂಚೆಯವಳ ಮುಖಕ್ಕೇ ಕ್ರೀಡಾಂಗಣದ ಗೇಟು ಮುಚ್ಚಿಕೊಂಡಿತು. ಒಳಗೆ ಓಡಬೇಕಾದದ್ದು ಒಂದೇ ಸುತ್ತು. ಮೊದಲಿಬ್ಬರು ಆಗಲೇ ಒಳಗೆ ಹೋಗಿಯಾಗಿತ್ತು. ನಾಲ್ಕನೆಯವಳು, ನೆರೆದೇಶದ ಹುಡುಗಿ, ಇನ್ನೂ ಮುನ್ನೂರು ಹೆಜ್ಜೆ ಹಿಂದಿದ್ದಳು.

"ಎರಡು ನಿಮಿಷ ತಡಿಯಮ್ಮ," ಎಂದ ಗೇಟಿನ ಪೊಲೀಸ. "ಮುಖ್ಯ ಅತಿಥಿಗಳ ಕಾರು ಬರ್ತಾ ಇದೆ."

ಇಂಥ ಕ್ರೀಡಾಕೂಟ ಅಂಚೆಯವಳ ದೇಶದ ಪಾಲಿಗೆ ಬಂದದ್ದು ಇದೇ ಮೊದಲು. ಸುತ್ತಲಿನ ಏಳು ದೇಶಗಳಿಂದ ನೆಂಟರು ಬಂದಿದ್ದರು. ಹತ್ತು ದಿನ ಕಳೆದರೂ ಮನೆಯವರ ಕೊರಳಿಗೆ ಒಂದು ಪದಕವೂ ಬಿದ್ದಿರಲಿಲ್ಲ. ಕಾಗದದ ಚೀಲ ಹೊತ್ತು ಬೀದಿ ಬೀದಿ ತಿರುಗಿ ಗಟ್ಟಿಯಾದ ಕಾಲುಗಳು ಅಂಚೆಯವಳವು. ಅವಕ್ಕೆ ಓಡುವುದು ಗೊತ್ತಿತ್ತು, ನಿಲ್ಲುವುದು ಗೊತ್ತಿರಲಿಲ್ಲ. ಇದ್ದಲ್ಲೇ ಕುಣಿದಳು, ಕಂಬಿ ಹಿಡಿದು ಅಲುಗಾಡಿಸಿದಳು, ಕೈಮುಗಿದಳು, ಬಾಯಿಗೆ ಬಂದಂತೆ ಬೈದಳು. ಪೊಲೀಸ ಕೆಟ್ಟವನೇನಲ್ಲ, ಅವಳ ಕಣ್ಣು ತಪ್ಪಿಸಿ ರಸ್ತೆ ನೋಡುತ್ತ ನಿಂತ. ಅಷ್ಟರಲ್ಲಿ ನೆರೆದೇಶದ ಹುಡುಗಿಯೂ ಬಂದು ಪಕ್ಕದಲ್ಲೇ ಏದುಸಿರು ಬಿಡತೊಡಗಿದಳು. ಬೆವರು ಸುರಿಸಿ ಗಳಿಸಿದ ಮುನ್ನೂರು ಹೆಜ್ಜೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು.

ಹನ್ನೊಂದು ಕಾರುಗಳು ಹೋದವು. ಗೇಟು ತೆರೆದಾಗ ಅಂಚೆಯವಳ ಮೀನಖಂಡ ಕಲ್ಲುಗಟ್ಟಿತ್ತು. ಆ ಹುಡುಗಿ ಆಗಷ್ಟೇ ಬಂದು ನಿಂತವಳು, ಮೈ ಇನ್ನೂ ಆರಿರಲಿಲ್ಲ, ಬಾಣದಂತೆ ಹೋದಳು. ಇವಳು ಕುಂಟುತ್ತ ಸುತ್ತು ಮುಗಿಸುವ ಹೊತ್ತಿಗೆ ಕಂಚು ಕೈತಪ್ಪಿ ಹೋಗಿತ್ತು.

ಅರ್ಧ ಗಂಟೆಯೊಳಗೆ ದೂರು ಕೊಡಬಹುದೆಂದು ನಿಯಮವಿತ್ತು. ಅವಳಿಗೆ ಓಟ ಕಲಿಸಿದ ಸೋದರಮಾವ ಹೆಗಲು ಕೊಟ್ಟು ಅವಳನ್ನು ಕಚೇರಿಗೆ ಕರೆತಂದ. ಕ್ರೀಡಾಕೂಟದ ಕಾರ್ಯದರ್ಶಿ ತಾನೇ ಕುರ್ಚಿ ಎಳೆದು ಕೂರಿಸಿ, ನೀರು ಕೊಟ್ಟ. ಹತ್ತು ದಿನ ಒಂದು ಕಪ್ಪುಚುಕ್ಕೆ ಇಲ್ಲದೆ ನಡೆದಿದೆ, ಕೊನೆ ಗಳಿಗೆಯಲ್ಲಿ ಹಾಲಿಗೆ ಹುಳಿ ಹಿಂಡಬಾರದು ಎಂದ. ಅಂಚೆ ಕಚೇರಿಯಲ್ಲಿ ಬಡ್ತಿಗೆ ತಾನೇ ಮಾತಾಡುವುದಾಗಿಯೂ ಹೇಳಿದ. ನೀರಲ್ಲಿದ್ದುಕೊಂಡು ಮೊಸಳೆ ಜೊತೆ ಹಗೆ ಯಾಕೆ ಎಂದು ಮಾವ ನೆಲ ನೋಡುತ್ತ ಗೊಣಗಿದ.

"ಮೊದಲ ಸಲ ನಡೆಸ್ತಾ ಇದ್ದೀವಿ," ಎಂದ ಕಾರ್ಯದರ್ಶಿ. "ಮನೆಗೆ ಬಂದ ನೆಂಟರ ಮುಂದೆ ಮರ್ಯಾದೆ ಕಳೀಬೇಡಮ್ಮ."

"ಆ ಹುಡುಗಿ ನೆಂಟಳಲ್ವಾ ಸಾರ್? ಅವಳನ್ನೂ ಹೊರಗೇ ನಿಲ್ಲಿಸಿದ್ರಲ್ಲ," ಎಂದಳು ಅಂಚೆಯವಳು. "ಅರ್ಜಿ ಕೊಡಿ."

ಅವನ ಮುಖದ ನಗು ಆರಿತು. ಅರ್ಜಿಯನ್ನು ಮೇಜಿನ ಮೇಲೆಸೆದು ಒಂದು ಸಾಲಿನ ಮೇಲೆ ಬೆರಳಿಟ್ಟ. ದೂರು ಯಾವ ದೇಶದ ವಿರುದ್ಧ ಎಂದು ತುಂಬದಿದ್ದರೆ ಅರ್ಜಿ ನೇರ ಕಸದ ಬುಟ್ಟಿಗೆ. ಆ ಹುಡುಗಿಯ ದೇಶದ ಹೆಸರು ಬರೀತೀಯಾ, ಅವಳೇನು ತಪ್ಪು ಮಾಡಿದ್ದಾಳೆ ಎಂದು ಕೇಳಿದ.

"ಅವಳದೇನೂ ತಪ್ಪಿಲ್ಲ," ಎಂದು ಅಂಚೆಯವಳು ಪೆನ್ನು ಎತ್ತಿಕೊಂಡಳು. ಬೆವರಿಗೆ ಮೈಗಂಟಿದ್ದ ತನ್ನ ಅಂಗಿಯ ಎದೆಯ ಮೇಲೆ ಯಾವ ದೇಶದ ಹೆಸರು ಹೊಲಿದಿತ್ತೋ ಅದನ್ನೇ ಆ ಸಾಲಿನಲ್ಲಿ, ಕಾಗದ ಹರಿಯುವಷ್ಟು ಒತ್ತಿ ಬರೆದಳು.