ಬೆನ್ನ ಮೇಲಿನ ಅಕ್ಷರ

ದುರುಗಿ ತನ್ನ ಪಾಟಿಯನ್ನು ಜೋಳದ ಚೀಲದೊಳಗೆ ಹೂತಿಟ್ಟು ಅದೇ ಚೀಲದ ಮೇಲೆ ಕೂತಿದ್ದಳು. ‘ಆ’ ಬರೆಯಲು ಬಾರದ್ದಕ್ಕೆ ಸಾಲಿ ಮಾಸ್ತರರು ಗೆಣ್ಣಿನ ಮೇಲೆ ಹೊಡೆದು ಹದಿನೈದು ದಿನವಾಗಿತ್ತು. ಅಂದಿನಿಂದ ಆರು ವರ್ಷದ ಹುಡುಗಿ ಬಳಪ ಕಂಡರೆ ಸಾಕು, ಎರಡೂ ಕೈಗಳನ್ನು ಲಂಗದಡಿ ಮುಚ್ಚಿಕೊಳ್ಳುತ್ತಿದ್ದಳು. ಅವ್ವ ಕೊಟ್ರವ್ವ ರಮಿಸಿದಳು, ಬೈದಳು, ಬೆಲ್ಲ ಕೊಟ್ಟಳು. ಕೊನೆಗೆ ದಾರಿ ಕಾಣದೆ, ಹರಿಹರದ ಶಿಶುವಿಹಾರದಲ್ಲಿ ಟೀಚರಾಗಿದ್ದ ತಂಗಿ ಹುಲಿಗೆಮ್ಮನಿಗೆ ಹೇಳಿ ಕಳಿಸಿದಳು. ತಾನಾಗಿ ತಂಗಿಯನ್ನು ದಾವಣಗೆರೆಗೆ ಕರೆದದ್ದು ಆರು ವರ್ಷದಲ್ಲಿ ಅದೇ ಮೊದಲು.

ಅಷ್ಟು ದಿನ ಕರೆಯದಿದ್ದುದಕ್ಕೆ ಕಾರಣವಿತ್ತು. ದುರುಗಿಯನ್ನು ಹೆತ್ತವಳು ಹುಲಿಗೆಮ್ಮ. ಐವತ್ತೇಳನೇ ಇಸವಿಯ ಫ್ಲೂ ಜ್ವರದಲ್ಲಿ ಗಂಡ ತೀರಿಕೊಂಡಾಗ ಕೂಸು ಹೊಟ್ಟೆಯಲ್ಲಿತ್ತು. ಹುಟ್ಟಿದ ನಲವತ್ತನೇ ದಿನ ಅದನ್ನು ಮಕ್ಕಳಿಲ್ಲದ ಅಕ್ಕನ ಉಡಿಗೆ ಹಾಕಿ, ಎಂದೂ ಬಾಯಿ ಬಿಡುವುದಿಲ್ಲವೆಂದು ಮಾತು ಕೊಟ್ಟಿದ್ದಳು.

ಬೆಳಗಿನ ರೈಲಿಗೆ ಬಂದ ಹುಲಿಗೆಮ್ಮ ಕಾಲು ತೊಳೆದು ಒಳಗೆ ಬಂದಳು. ಪಡಸಾಲೆಯಲ್ಲಿ ಕೊಟ್ರವ್ವ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದಳು. ಚೀಲದ ಮೇಲಿನ ಹುಡುಗಿ ಕೈ ಮುಚ್ಚಿಕೊಂಡಳು.

“ಪಾಟಿ ಬ್ಯಾಡ, ಬಳಪನೂ ಬ್ಯಾಡ,” ಎಂದಳು ಹುಲಿಗೆಮ್ಮ. “ಆಟ ಆಡನ ಬಾ.”

ಸಾರಿಸಿದ ನೆಲದ ಮೇಲೆ ರಂಗೋಲಿ ಪುಡಿಯಿಂದ ಗೇಣುದ್ದದ ‘ಆ’ ಎಳೆದು, ಒಂದು ಹಿಡಿ ಹುಣಸೆ ಬೀಜ ಪಕ್ಕಕ್ಕಿಟ್ಟಳು. “ಇದು ದಾರಿ. ಇದರ ಮೇಲೆ ಒಂದೊಂದೇ ಬೀಜ ಇಡ್ತಾ ಹೋಗು. ಎಲ್ಲಿಗೆ ಮುಟ್ತೀಯ ನೋಡನ.” ದುರುಗಿ ಸ್ವಲ್ಪ ಹೊತ್ತು ದೂರದಿಂದಲೇ ನೋಡಿದಳು. ಆಮೇಲೆ ಲಂಗದಡಿಯಿಂದ ಒಂದು ಕೈ ಬಂತು. ಮಧ್ಯಾಹ್ನದ ಹೊತ್ತಿಗೆ ಪಡಸಾಲೆಯ ತುಂಬ ಬೀಜದ ಅಕ್ಷರಗಳು. ಕೊಟ್ರವ್ವ ನೀರು ತರಲು ಗೋಡೆ ಹಿಡಿದು ಓಡಾಡಬೇಕಾಯಿತು.

ಊಟವಾದ ಮೇಲೆ ಇನ್ನೊಂದು ಆಟ. ಕಣ್ಣು ಮುಚ್ಚಿ ಕೂರಬೇಕು. ಬೆನ್ನ ಮೇಲೆ ಬೆರಳಿನಿಂದ ಬರೆದ ಅಕ್ಷರ ಯಾವುದೆಂದು ಹೇಳಬೇಕು. ಹುಲಿಗೆಮ್ಮ ‘ಗ’ ಬರೆದಳು, ‘ರ’ ಬರೆದಳು. ಕಚಗುಳಿಗೆ ಹುಡುಗಿ ಮುದುಡಿ ನಕ್ಕಳು, ಆದರೂ ತಪ್ಪದೆ ಹೇಳಿದಳು. ಶಿಶುವಿಹಾರದಲ್ಲಿ ದಿನಕ್ಕೆ ಮೂವತ್ತು ಮಕ್ಕಳ ಬೆನ್ನ ಮೇಲೆ ಬರೆಯುವ ಬೆರಳು ಇಲ್ಲಿ ಬೇಕೆಂದೇ ಉದ್ದುದ್ದದ ಅಕ್ಷರಗಳನ್ನು ಹುಡುಕುತ್ತಿತ್ತು. ‘ಋ’ ಬರೆಯಿತು. ‘ಝ’ ಬರೆಯಿತು.

“ಕಲ್ತಿಲ್ಲದ ಅಕ್ಷರ ಬರದ್ರ ಹುಡುಗಿ ಹೆಂಗೆ ಹೇಳ್ತೈತೆ?” ಎಂದಳು ಕೊಟ್ರವ್ವ. “ನಿನ್ ಗಾಡಿ ಎಷ್ಟೊತ್ತಿಗೆ?”

“ಐದಕ್ಕೈತೆ ಅಕ್ಕ.” ಹುಲಿಗೆಮ್ಮ ಕೈ ಹಿಂದಕ್ಕೆ ತೆಗೆದುಕೊಂಡಳು.

ದುರುಗಿ ತಟ್ಟನೆ ತಿರುಗಿ ಕೂತಳು. “ಚಿಕ್ಕವ್ವ, ಅವ್ವ ಅಂತ ಹೆಂಗೆ ಬರಿಯದು?”

ಹುಲಿಗೆಮ್ಮ ಅಕ್ಕನ ಕಡೆ ನೋಡಲಿಲ್ಲ. ಬೀಜಗಳನ್ನು ಎಳೆದುಕೊಂಡು ‘ಅ’ ಇಟ್ಟಳು, ‘ವ’ ಇಟ್ಟಳು. ‘ವ’ದ ಕೆಳಗೆ ಸಣ್ಣ ಬೀಜಗಳನ್ನು ಆರಿಸಿ ಚಿಕ್ಕದೊಂದು ‘ವ’ ಮಾಡಿದಳು.

“ಈ ಸಣ್ಣದು ಯಾಕ?”

“ಅದು ಮರಿ. ಮರಿ ಇಲ್ದಿದ್ರ ‘ಅವ’ ಅಂತಾಗ್ತೈತೆ, ಅವ್ವ ಆಗಂಗಿಲ್ಲ.” ಶಿಶುವಿಹಾರದಲ್ಲಿ ದಿನಾ ಹೇಳುವ ಮಾತು ಅದು. ಇಲ್ಲಿ ಬಾಯಿಂದ ಬಿದ್ದ ಮೇಲೆ ಅದರ ಅರ್ಥ ಅವಳಿಗೇ ತಟ್ಟಿತು. ಹಿಂದೆ ಹುಣಸೆ ಕುಟ್ಟುವ ಸದ್ದು ನಿಂತಿತ್ತು.

ದುರುಗಿಗೆ ಅದೊಂದೂ ಬೇಕಿರಲಿಲ್ಲ. ಓಡಿಹೋಗಿ ಕೊಟ್ರವ್ವನ ಬೆನ್ನಿಗೆ ಅಂಟಿಕೊಂಡು ಬೆರಳಾಡಿಸಿದಳು. “ಏನ್ ಬರದೆ, ಹೇಳು!”

“ನಂಗೆಲ್ಲಿ ಅಕ್ಷರ ಬರ್ತಾವೆ, ನನ್ ಕೂಸೆ,” ಎಂದಳು ಕೊಟ್ರವ್ವ. ಬೆನ್ನಿಗಂಟಿದ ಹುಡುಗಿಯನ್ನು ಬಿಡಿಸಿ, “ಚಿಕ್ಕವ್ವನ ಬೆನ್ನ ಮೇಲೆ ಬರಿ ಹೋಗು,” ಎಂದಳು.

ಹುಲಿಗೆಮ್ಮ ಕಣ್ಣು ಮುಚ್ಚಿದಳು. ರವಿಕೆಯ ಮೇಲೆ, ಸೊಂಟದಿಂದ ಗೇಣು ಮೇಲೆ, ಪುಟ್ಟ ಬೆರಳು ಒತ್ತಿ ಒತ್ತಿ ನಡೆಯಿತು. ಅ. ಅದರ ಪಕ್ಕ ವ. ಬೆರಳು ಎದ್ದಿತು, ಯೋಚಿಸಿತು, ಕೆಳಗಿಳಿದು ಮರಿಯನ್ನೂ ಬರೆಯಿತು.

“ಏನ್ ಹೇಳು?”

ಹುಲಿಗೆಮ್ಮ ಬೆನ್ನನ್ನು ಇನ್ನಷ್ಟು ಬಾಗಿಸಿದಳು. “ತಿಳೀಲಿಲ್ಲ. ಇನ್ನೊಂದ್ ಸಲ ಬರಿ.”

ಹುಡುಗಿ ಮತ್ತೆ ಬರೆದಳು, ಈ ಸಲ ದೊಡ್ಡದಾಗಿ.

“ಊಹೂಂ. ತಿಳೀಲಿಲ್ಲ.”

ಮೂರನೇ ಸಲವೂ ತಿಳಿಯದಾಗ ದುರುಗಿಗೆ ಸಿಟ್ಟು ಬಂತು. “ಅವ್ವಾ, ನೋಡಿಲ್ಲಿ! ಈ ಟೀಚರಮ್ಮಂಗೆ ಓದಾಕೇ ಬರಂಗಿಲ್ಲ!”

ಕೊಟ್ರವ್ವ ಎದ್ದು ಬಂದಳು. ತಂಗಿ ಕಣ್ಣು ತೆರೆಯದೆ, ಬೆನ್ನು ಬಾಗಿಸಿ ಹಾಗೇ ಕೂತಿದ್ದಳು. ಮುಚ್ಚಿದ ರೆಪ್ಪೆಯಡಿಯಿಂದ ನೀರು ಗಲ್ಲಕ್ಕೆ ಇಳಿಯುತ್ತಿತ್ತು. ಕೊಟ್ರವ್ವ ಒಂದು ಗಳಿಗೆ ನೋಡಿದಳು. ಹುಣಸೆ ಮೆತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಂಡು, ಹುಡುಗಿಯನ್ನು ಮತ್ತೆ ಆ ಬೆನ್ನಿನ ಹಿಂದೆ ಕೂರಿಸಿದಳು.

“ಸಿಟ್ಟು ಮಾಡಬ್ಯಾಡ,” ಎಂದಳು. “ಮೆಲ್ಲಕ ಬರಿ. ಅಕಿಗೆ ಸಾಕು ಅನ್ನಿಸೋ ತನಕ ಬರಿ.”